ಸಿ3 ಕಮ್ಮಿ ಆದರೆ ಕಷಾಯವೇ?

ಗುಂಪು: ಬಸವನಗುಡಿ ಮನೆಯವರು

ಸರೋಜ ಅತ್ತೆ (ಫಾರ್ವರ್ಡ್): ರಕ್ತ ಪರೀಕ್ಷೆಯಲ್ಲಿ ಸಿ3, ಸಿ4 ಕಮ್ಮಿ ಬಂತೇ? ನಿಮ್ಮ ಇಮ್ಯುನಿಟಿ ಕುಸಿದಿದೆ! 21 ದಿನ ಅಮೃತಬಳ್ಳಿ ಕಷಾಯ. ಲೂಪಸ್ ಮಾಯ!!

ಸರೋಜ ಅತ್ತೆ: ದೀಪಾ ಪುಟ್ಟಿ, ನಿನಗೇ ಹಾಕಿದ್ದು. ಬಳ್ಳಿ ನಮ್ಮ ಕಾಂಪೌಂಡಿನಲ್ಲೇ ಇದೆ.

ಪಲ್ಲವಿ: ಅತ್ತೆ, ಡಿಲೀಟ್ ಮಾಡಿ. ಪೂರ್ತಿ ಉಲ್ಟಾ ಬರೆದಿದ್ದಾರೆ.

ಸರೋಜ ಅತ್ತೆ: ಕಮ್ಮಿ ಇರುವುದನ್ನು ಜಾಸ್ತಿ ಮಾಡಿಕೊಂಡರೆ ತಪ್ಪೇನೇ?

ಪಲ್ಲವಿ: ಸಿ3, ಸಿ4 ಅಂದರೆ ರೋಗಾಣು ತಡೆಯುವ ಕಾಂಪ್ಲಿಮೆಂಟ್ ಅನ್ನುವ ಪ್ರೋಟೀನುಗಳು. ಲೂಪಸ್ ಅಂದರೆ ಇಮ್ಯುನಿಟಿ ನಮ್ಮ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ. ಅದು ಜೋರಾದಾಗ ಸಿ3 ಇಳಿಯುವುದು ಖರ್ಚು ಜಾಸ್ತಿ ಆಗಿ. ಮದುವೆ ಮನೆಯಲ್ಲಿ ಅನ್ನ ಖಾಲಿ ಆದರೆ ಭಟ್ಟರು ಮಾಡಲೇ ಇಲ್ಲ ಅಂತೀರಾ? ಪಂಕ್ತಿ ಮೇಲೆ ಪಂಕ್ತಿ ಕೂತಿದೆ ಅಂತ ತಾನೆ?

ರಮೇಶ ಮಾವ: ಹಾಗಾದರೆ ಇನ್ನೊಂದು ಹಂಡೆ ಇಡಿಸೋಣ. ನಿಮ್ಮತ್ತೆ ಹೇಳಿದ್ದೂ ಅದೇ 😄

ಪಲ್ಲವಿ: ಮಾವ, ಕೂತಿರುವುದು ನೆಂಟರಲ್ಲ. ದೀಪಾಳ ಜೀವಕೋಶದ ಚೂರುಗಳಿಗೆ ಅವಳದೇ ಆಂಟಿಬಾಡಿ ಅಂಟಿ ಆದ ಗಂಟುಗಳು. ಅವು ಕಿಡ್ನಿಯ ಸೋಸುವ ಜಾಗದಲ್ಲಿ ಕೂತರೆ ಕಾಂಪ್ಲಿಮೆಂಟ್ ಪ್ರೋಟೀನುಗಳು ಅಲ್ಲೇ ಜಗಳ ಶುರು ಮಾಡುತ್ತವೆ. ಕಿಡ್ನಿಗೆ ಪೆಟ್ಟು.

ದೊಡ್ಡಪ್ಪ: ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು. ಬೇಲಿ ಕಿತ್ತುಬಿಟ್ಟರೆ?

ಪಲ್ಲವಿ: ಆಗಲ್ಲ ದೊಡ್ಡಪ್ಪ. 30ಕ್ಕೂ ಹೆಚ್ಚು ಪ್ರೋಟೀನು ಸೇರಿದ ಬೇಲಿ ಅದು. ಅದರಲ್ಲಿ ಸಿ1ಕ್ಯೂ ಅಂತ ಒಂದಿದೆ. ಸತ್ತ ಜೀವಕೋಶ ಗುಡಿಸುವುದರಲ್ಲಿ ಅದರ ಕೈ ಇದೆ. ಹುಟ್ಟಿನಿಂದ ಅದಿಲ್ಲದವರು ತೀರಾ ಅಪರೂಪ. ಅವರಲ್ಲಿ ಹೆಚ್ಚಿನವರಿಗೆ ಲೂಪಸ್ ಥರದ್ದೇ ಕಾಯಿಲೆ ಬರುತ್ತದೆ! ನಮ್ಮ ಬೀದಿಗೆ ಮೂರು ದಿನ ಕಸದ ಆಟೋ ಬರದಿದ್ದರೆ ಗೊತ್ತಲ್ಲ. ಇನ್ನು ಇದೇ ಬೇಲಿಯ ಸಿ5 ಪ್ರೋಟೀನು ತಡೆಯುವ ಎಕುಲಿಜುಮ್ಯಾಬ್ ಅನ್ನುವ ಔಷಧಿ 2007ರಿಂದ ಇದೆ, ಬೇರೆ ಕಾಯಿಲೆಗೆ. ಕೊಡುವ ಮುಂಚೆ ಮೆನಿಂಜೈಟಿಸ್ ಲಸಿಕೆ ಹಾಕುತ್ತಾರೆ. ಬೇಲಿ ಸಡಿಲ ಆಗುತ್ತದಲ್ಲ.

ಸರೋಜ ಅತ್ತೆ: ಸರಿ ಕಣೇ. ಕೋವಿಡ್‌ನಲ್ಲಿ ಎಲ್ಲರೂ ಕುಡಿದೆವು, ಏನಾಯ್ತು?

ಪಲ್ಲವಿ: ಆಗಲೇ ಅಮೃತಬಳ್ಳಿ ಕುಡಿದ 6 ಜನರ ಲಿವರ್ ಕೆಟ್ಟಿದ್ದನ್ನು ಮುಂಬೈ ಡಾಕ್ಟರುಗಳು 2021ರಲ್ಲಿ ಬರೆದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೂ ನಿಜ. ಆ ಜಗಳ ಅವರು ಮುಗಿಸಿಕೊಳ್ಳಲಿ, ದೀಪಾ ಮೇಲೆ ಪ್ರಯೋಗ ಬೇಡ.

ದೀಪಾ: ನಾನೂ ಇಲ್ಲೇ ಇದ್ದೀನಿ 🙂 ಮೊನ್ನೆ ಸಿ3 58. ಲ್ಯಾಬಿನವರ ಪ್ರಕಾರ 90 ಆದರೂ ಇರಬೇಕು. ಡಾಕ್ಟರು ಸ್ಟೀರಾಯ್ಡ್ ಏರಿಸಿದರು. ಇಮ್ಯುನಿಟಿ ಇಳಿಸುವುದಕ್ಕೆ, ಅತ್ತೆ.

ಸರೋಜ ಅತ್ತೆ: ಇಳಿಸುವುದಕ್ಕಾ?

ಸರೋಜ ಅತ್ತೆ: 🚫 ಈ ಮೆಸೇಜ್ ಡಿಲೀಟ್ ಆಗಿದೆ

ಸರೋಜ ಅತ್ತೆ: ಬಳ್ಳಿ ಮಾತ್ರ ಕೀಳಲ್ಲ. ಭಾನುವಾರ ಊಟಕ್ಕೆ ಬಾ. ನಿನ್ನ ಸಾರಿಗೆ ಉಪ್ಪು ಕಮ್ಮಿ ಹಾಕಿರ್ತೀನಿ.