ಪದಚರ್ಚೆ: ಟೈರಿನ ಗಾಳಿ ನೋಡಬೇಕಾದ್ದು ‘ತಣ್ಣಗಿರುವಾಗ’ಲೋ, ‘ಆರಿದ ಮೇಲೆ’ಯೋ?

ಬಳಗದ ಎಲ್ಲರಿಗೂ ನಮಸ್ಕಾರ.

ಇಂಗ್ಲಿಷಿನಲ್ಲಿ ಟೈರಿಗೆ ‘ಕೋಲ್ಡ್’ ಎನ್ನುತ್ತಾರಲ್ಲ, ಅದಕ್ಕೆ ಒಂದು ಕನ್ನಡ ಪದ ಕೇಳಲು ಬರೆಯುತ್ತಿದ್ದೇನೆ. ಹಿನ್ನೆಲೆ ಸ್ವಲ್ಪ ಉದ್ದವಾಗಬಹುದು. ಆದರೆ ಪದ ಯಾಕೆ ಬೇಕಾಯಿತು ಎಂದು ಹೇಳದಿದ್ದರೆ ನಿಮಗೂ ಉತ್ತರ ಹೇಳುವುದು ಕಷ್ಟ.

ನಾನಿರುವುದು ಚಿಂತಾಮಣಿಯಲ್ಲಿ. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ಮನೆಯಲ್ಲಿರುವುದು ಒಂದೇ ಕಾರು, ಓಡಿಸುವವರು ನಾಲ್ವರು. ಭಾವಮೈದುನನಿಗೆ ಟೊಮ್ಯಾಟೊ ವ್ಯಾಪಾರ, ವಾರದಲ್ಲಿ ಮೂರು ನಾಲ್ಕು ದಿನ ಕೋಲಾರದ ಮಾರುಕಟ್ಟೆಗೆ ಹೋಗಿಬರುತ್ತಾನೆ. ಪ್ರತಿ ಸಲ ಪಂಕ್ಚರ್ ಅಂಗಡಿಯ ಮುಂದೆ ಕಾಯುವುದು ಬೇಡವೆಂದು ಒಂದು ಗೇಜು, ಒಂದು ಸಣ್ಣ ಪಂಪು ತಂದಿಟ್ಟೆವು. ಜೊತೆಗೆ ಬಂದ ಚೀಟಿಯಲ್ಲಿ ಕನ್ನಡ ಇರಲಿಲ್ಲ. ನಾನೇ ಅರ್ಧ ಪುಟ ಬರೆದು ಶೆಡ್ಡಿನ ಗೋಡೆಗೆ ಅಂಟಿಸಿದೆ. ಮೊದಲ ಸಾಲು ಹೀಗಿತ್ತು: ‘ಟೈರು ತಣ್ಣಗಿರುವಾಗ ಗಾಳಿಯ ಒತ್ತಡ ಅಳೆಯಿರಿ. 33 ಇರಬೇಕು.’

ಒಂದು ಮಧ್ಯಾಹ್ನ ಭಾವಮೈದುನ ಕೋಲಾರದಿಂದ ಬಂದ. ಗೋಡೆಯ ಮೇಲಿನ ಸಾಲು ಓದಿದ. ಟೈರು ಮುಟ್ಟಿದರೆ ಬಿಸಿ. ತೊಟ್ಟಿಯಿಂದ ನೀರು ತಂದು ನಾಲ್ಕಕ್ಕೂ ಒಂದೊಂದು ಬಿಂದಿಗೆ ಹುಯ್ದ. ಆಮೇಲೆ ಮುಟ್ಟಿ ನೋಡಿದ, ತಣ್ಣಗಿತ್ತು. ಗೇಜು ಇಟ್ಟ, 37 ತೋರಿಸಿತು. ‘ಗಾಳಿ ಜಾಸ್ತಿ ಆಗೋಗಿದೆ’ ಎಂದುಕೊಂಡು ಪಿನ್ನು ಒತ್ತಿ ನಾಲ್ಕರಲ್ಲೂ 33ಕ್ಕೆ ಇಳಿಸಿದ. ಮಾರನೆಯ ಬೆಳಿಗ್ಗೆ ನಾನು ನೋಡಿದಾಗ ಎಲ್ಲದರಲ್ಲೂ 29ರ ಆಸುಪಾಸು. ಕೇಳಿದರೆ, ‘ತಣ್ಣಗಿರಬೇಕು ಅಂತ ನೀವೇ ಬರ್ದಿದ್ರಲ್ಲ ಭಾವಾ, ಅದಕ್ಕೇ ನೀರು ಹುಯ್ದೆ’ ಅಂದ.

ಅವನ ತಪ್ಪೇನೂ ಇಲ್ಲ. ನಾನು ಬರೆದಿದ್ದನ್ನೇ ಅಕ್ಷರಶಃ ಮಾಡಿದ್ದಾನೆ. ತಪ್ಪು ಆ ‘ತಣ್ಣಗೆ’ಯಲ್ಲಿದೆ.

ವಿಷಯ ಇಷ್ಟು. ಗಾಡಿ ಓಡುವಾಗ ಟೈರು ಪ್ರತಿ ಸುತ್ತಿಗೂ ನೆಲದ ಹತ್ತಿರ ಮಡಚಿ ಮತ್ತೆ ನೆಟ್ಟಗಾಗುತ್ತದೆ. ಅದರಿಂದ ರಬ್ಬರು ಬಿಸಿಯಾಗುತ್ತದೆ, ಒಳಗಿನ ಗಾಳಿಯೂ ಬಿಸಿಯಾಗುತ್ತದೆ. ನಮ್ಮ ಕಾರಿನಂಥದ್ದಕ್ಕೆ ಒಳಗಾಳಿ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಗೇಜಿನಲ್ಲಿ ಹೆಚ್ಚುಕಮ್ಮಿ ಒಂದೂವರೆ ಪಿಎಸ್‌ಐ (ಒತ್ತಡದ ಅಳತೆ, ಆ 33, 37 ಎಲ್ಲ ಇದರದ್ದೇ) ಏರುತ್ತದೆ. 25 ಡಿಗ್ರಿ ಏರಿತೆಂದರೆ ನಾಲ್ಕು ಹೆಚ್ಚು ಕಾಣುವುದು ಸಹಜ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಕಾರು ಮಾಡಿದವರು ಹಾಕಿರುವ 33, ಈ ಏರಿಕೆ ಇಲ್ಲದ ಹೊತ್ತಿನ ಲೆಕ್ಕ. ಗಾಡಿ ಮೂರು ಗಂಟೆಯಾದರೂ ನಿಂತಿರಬೇಕು, ಇಲ್ಲವೇ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ನೀರು ಹುಯ್ದರೆ ರಬ್ಬರಿನ ಮೇಲ್ಮೈ ಮಾತ್ರ ತಣ್ಣಗಾಗುತ್ತದೆ. ರಬ್ಬರು ಶಾಖವನ್ನು ಬೇಗ ಬಿಟ್ಟುಕೊಡುವ ವಸ್ತುವಲ್ಲ, ಒಳಗಿನ ಗಾಳಿಗೆ ಆ ನೀರಿನ ಸುದ್ದಿಯೇ ತಲುಪಿರುವುದಿಲ್ಲ.

ಹಾಗಾದರೆ ನಮಗೆ ಬೇಕಾದ ಪದದ ಅರ್ಥ ‘ಮುಟ್ಟಿದರೆ ತಂಪು’ ಎಂಬುದಲ್ಲ. ‘ಕಾದದ್ದು ತಾನಾಗಿಯೇ, ಹೊತ್ತು ಹೋದಂತೆ, ಸುತ್ತಲಿನ ಬಿಸಿಗೆ ಸಮನಾಗಿದೆ’ ಎಂಬುದು. ಇದನ್ನು ಯೋಚಿಸುತ್ತ ಕೂತಿದ್ದಾಗ ಅಡುಗೆಮನೆಯಿಂದ ಕೂಗು ಬಂತು: ‘ಮುದ್ದೆ ಆರೋಗ್ತದೆ, ಬನ್ನಿ.’

ಆರು. ಈ ಪದವನ್ನು ನಾವು ದಿನಕ್ಕೆ ಹತ್ತು ಸಲ ಆಡುತ್ತೇವೆ. ಅನ್ನ ಹರಡಿ ಆರಲು ಬಿಟ್ಟು ಚಿತ್ರಾನ್ನ ಕಲೆಸುತ್ತೇವೆ. ಮಗುವಿಗೆ ಹಾಲು ಆರಿಸಿ ಕೊಡುತ್ತೇವೆ. ಆರೋಗ್ಯ ಇಲಾಖೆಯವರು ಊರೂರಿನ ಗೋಡೆಯ ಮೇಲೆ ‘ಕುದಿಸಿ ಆರಿಸಿದ ನೀರು ಕುಡಿಯಿರಿ’ ಎಂದು ಬರೆಸುತ್ತಾರೆ. ‘ಕುದಿಸಿ ತಣ್ಣಗೆ ಮಾಡಿದ’ ಎಂದು ಬರೆದಿದ್ದರೆ ಯಾರಾದರೂ ಅದಕ್ಕೆ ಹಸಿ ತಣ್ಣೀರು ಬೆರೆಸಿ ಕೆಲಸ ಕೆಡಿಸುತ್ತಿದ್ದರು. ಫ್ರಿಜ್ಜಿನ ನೀರು ತಣ್ಣಗಿರುತ್ತದೆ, ಅದನ್ನು ಆರಿದ ನೀರು ಎನ್ನುವವರಿಲ್ಲ. ಹಿಂದೆ ಕಾದಿತ್ತು ಎಂಬ ಕತೆಯನ್ನೂ, ಕಾಯಬೇಕಾದ ಹೊತ್ತನ್ನೂ ‘ಆರಿದ’ ತನ್ನೊಳಗೇ ಇಟ್ಟುಕೊಂಡಿದೆ. ‘ತಣ್ಣನೆ’ಯಲ್ಲಿ ಅವೆರಡೂ ಇಲ್ಲ. ನಮ್ಮ ನೆರೆಯ ತೆಲುಗಿನಲ್ಲೂ ಇದೇ ಗುಟ್ಟು: ಹಾಲು ಆರುವುದಕ್ಕೆ ಅವರು ‘ಚಲ್ಲಾರು’ ಅನ್ನುತ್ತಾರೆ, ತಂಪೆಂಬ ‘ಚಲ್ಲ’ದ ಬೆನ್ನಿಗೆ ಇದೇ ‘ಆರು’ ಕೂತಿದೆ.

ಆದರೆ ನನಗೇ ಒಂದು ಆಕ್ಷೇಪ ಹೊಳೆಯಿತು. ಆರು ಎಂದರೆ ಒಣಗುವುದು ಕೂಡ. ‘ಬಟ್ಟೆ ಆರಿದೆಯಾ?’ ಎನ್ನುತ್ತೇವೆ. ‘ಟೈರು ಆರಿದ ಮೇಲೆ’ ಎಂದು ಬರೆದರೆ, ಕಾರು ತೊಳೆದು ಟೈರಿನ ನೀರು ಒಣಗಿದ ಮೇಲೆ ಎಂದು ಯಾರಾದರೂ ತಿಳಿಯಬಹುದು. ಭಾವಮೈದುನನ ಬಿಂದಿಗೆ ನೋಡಿದ ಮೇಲೆ ಇದನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಹಾಗಾಗಿ ‘ಬಿಸಿಯಾರಿದ’ ಎಂದು ಬಿಡಿಸಿ ಹೇಳಿದರೆ ಹೇಗೆ? ‘ಬಿಸಿಯಾರಿದ ಟೈರು’, ‘ಬಿಸಿಯಾರಿದಾಗಿನ ಒತ್ತಡ’. ಎರಡನೆಯದು ನಾಲಿಗೆಗೆ ತುಸು ಭಾರ, ಒಪ್ಪುತ್ತೇನೆ.

ಬೇರೆ ಸಲಹೆಗಳೂ ಬಂದಿವೆ. ನನ್ನ ಹೆಂಡತಿ ‘ತಂಗಳು’ ಅಂದಳು. ರಾತ್ರಿಯಿಡೀ ಇದ್ದು ಬೆಳಿಗ್ಗೆ ಸಿಗುವುದು ತಂಗಳೇ ತಾನೆ ಎಂಬುದು ಅವಳ ವಾದ. ಪದದ ಹಿಂದೆ ‘ತಣ್’ ಮತ್ತು ‘ಕೂಳ್’ ಸೇರಿದ ‘ತಂಗೂಳ್’ ಇದೆ, ಅಂದರೆ ಹೊತ್ತು ಕಳೆದು ತಣ್ಣಗಾದ ಅನ್ನ. ಅರ್ಥ ಅಚ್ಚರಿಯಾಗುವಷ್ಟು ಹತ್ತಿರ. ಆದರೆ ತಂಗಳಿಗೆ ಹಳಸಲಿನ ವಾಸನೆ ಅಂಟಿಕೊಂಡುಬಿಟ್ಟಿದೆ. ಬಸ್ ನಿಲ್ದಾಣದ ಹತ್ತಿರ ಟೈರ್ ಅಂಗಡಿ ಇಟ್ಟಿರುವ ಹಿರಿಯರು ‘ನಿಂತ ಗಾಡಿ’ ಅನ್ನುತ್ತಾರೆ. ಗೇಜು ಕೈಗೆತ್ತಿಕೊಳ್ಳುವ ಮುಂಚೆಯೇ ‘ನಿಂತ ಗಾಡೀನಾ, ಓಡಿ ಬಂದಿದ್ದಾ?’ ಎಂದು ಕೇಳುತ್ತಾರೆ. ನನಗೆ ಬಹಳ ಇಷ್ಟವಾದ ಮಾತು. ಕೊರತೆ ಒಂದೇ: ಏಪ್ರಿಲ್ ಮಧ್ಯಾಹ್ನ ಬಿಸಿಲಿನಲ್ಲಿ ನಿಂತ ಗಾಡಿಯೂ ನಿಂತ ಗಾಡಿಯೇ. ನಮ್ಮ ಹುಣಸೆಮರದ ಕೆಳಗೆ ಅರ್ಧ ನೆರಳು, ಅರ್ಧ ಬಿಸಿಲು ಇರುವಾಗ ನೋಡಿದ್ದೇನೆ, ಎಡಗಡೆಯ ಟೈರುಗಳಿಗೂ ಬಲಗಡೆಯವಕ್ಕೂ ಎರಡು ಪಿಎಸ್‌ಐಯಷ್ಟು ವ್ಯತ್ಯಾಸ. ‘ಶೀತ ಒತ್ತಡ’ ಎಂಬುದನ್ನು ನಾನು ಒಪ್ಪುವುದಿಲ್ಲ. ಶೀತ ಎಂದರೆ ನಮ್ಮ ಕಡೆ ನೆಗಡಿ. ಒಬ್ಬ ವಿದ್ಯಾರ್ಥಿ ಕಾರಿನ ಪುಸ್ತಕದ ‘ಕೋಲ್ಡ್ ಇನ್‌ಫ್ಲೇಶನ್ ಪ್ರೆಶರ್’ ಎಂಬ ಮಾತನ್ನು ಫೋನಿಗೆ ಕೊಟ್ಟು ಅನುವಾದ ಮಾಡಿಸಿದ. ‘ಶೀತ ಹಣದುಬ್ಬರದ ಒತ್ತಡ’ ಎಂದು ಬಂತು. ಗಾಳಿ ತುಂಬಿ ಉಬ್ಬುವುದಕ್ಕೂ ಬೆಲೆ ಏರುವುದಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದವಿರುವುದರ ಫಲ ಅದು. ಕನ್ನಡದಲ್ಲಿ ಒಂದು ಒಳ್ಳೆಯ ಮಾತು ನೆಲೆಯೂರದಿದ್ದರೆ ನಾಳೆ ಗೇಜಿನ ಜೊತೆ ಬರುವ ಕನ್ನಡ ಚೀಟಿಯಲ್ಲಿ ಇದೇ ಅಚ್ಚಾಗುತ್ತದೆ ಎಂಬುದು ನನ್ನ ನಿಜವಾದ ಆತಂಕ.

ಎರಡನೆಯ ಪ್ರಶ್ನೆ ‘ಗಾಳಿ’ ಮತ್ತು ‘ಒತ್ತಡ’ದ್ದು. ಬೀದಿಯಲ್ಲಿ ಒತ್ತಡ ಎನ್ನುವವರನ್ನು ನಾನು ಕಂಡಿಲ್ಲ. ಗಾಳಿ ಹೊಡಿಸುತ್ತೇವೆ, ಗಾಳಿ ನೋಡುತ್ತೇವೆ, ಗಾಳಿ ಇಳಿದಿರುತ್ತದೆ. ಪಿಎಸ್‌ಐ ಎಂದೂ ಹೇಳುವುದಿಲ್ಲ, ‘ಮೂವತ್ಮೂರು ಹಾಕಿ’ ಎಂದರೆ ಸಾಕು. ಹಳೆಯ ಲಾರಿ ಡ್ರೈವರುಗಳು ‘ಪೌಂಡು’ ಅನ್ನುವುದುಂಟು. ಅದು ಸರಿಯೇ, ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂಬುದೇ ಪಿಎಸ್‌ಐ. ಗಾಳಿ ಎಂಬ ಮಾತು ಬಿಡಲು ನನಗೆ ಮನಸ್ಸಿಲ್ಲ. ಆದರೆ ಭಾವಮೈದುನ 37 ನೋಡಿ ‘ಗಾಳಿ ಜಾಸ್ತಿ ಆಗಿದೆ’ ಎಂದುಕೊಂಡದ್ದು ಈ ಪದದಿಂದಲೇ. ಕೋಲಾರದಿಂದ ಚಿಂತಾಮಣಿಗೆ ಬರುವಷ್ಟರಲ್ಲಿ ಟೈರಿನೊಳಕ್ಕೆ ಹೊಸ ಗಾಳಿ ಒಂದು ಗುಟುಕೂ ಸೇರಿಲ್ಲ. ಇದ್ದ ಗಾಳಿಯೇ ಬಿಸಿಯಾಗಿ ಗೋಡೆಯನ್ನು ಹೆಚ್ಚು ಒತ್ತಿದೆ. ‘ಜಾಸ್ತಿ’ಯಾದದ್ದು ಗಾಳಿ ಎಂದುಕೊಂಡವನು ಬಿಡುತ್ತಾನೆ, ಒತ್ತಡ ಎಂದು ತಿಳಿದವನು ಕಾಯುತ್ತಾನೆ. ಆದ್ದರಿಂದ ಗೋಡೆಯ ಬರಹದಲ್ಲಿ ಎರಡನ್ನೂ ಇಟ್ಟುಕೊಂಡಿದ್ದೇನೆ: ತುಂಬುವಾಗ, ಬಿಡುವಾಗ ಗಾಳಿ, ಮುಳ್ಳು ತೋರಿಸುವುದು ಒತ್ತಡ. ಸೈಕಲ್ ಟೈರನ್ನು ಹೆಬ್ಬೆರಳಿನಲ್ಲಿ ‘ಒತ್ತಿ’ ನೋಡಿ ಬೆಳೆದವರಿಗೆ ಒತ್ತಡ ಪುಸ್ತಕದ ಪದವೆನಿಸಬಾರದು ಎಂದು ನನ್ನ ನಂಬಿಕೆ.

ಗಾಳಿಯ ಮಾತು ಬಂದಾಗ ನಮ್ಮ ಸೀಮೆಯ ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಚಿಂತಾಮಣಿ, ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು, ಎಲ್ಲ ಕಡೆ ಎಷ್ಟೋ ಜನರ ಮನೆಮಾತು ತೆಲುಗು. ಕೈವಾರದ ಸಂತಕವಿ ತಾತಯ್ಯನವರು ಎರಡೂ ಭಾಷೆಯಲ್ಲಿ ಹಾಡಿದ ನೆಲ ಇದು. 2007ರಲ್ಲಿ ಕೋಲಾರ ಜಿಲ್ಲೆ ಎರಡಾಯಿತು, ಮಾತು ಎರಡಾಗಲಿಲ್ಲ. ಕನ್ನಡದ ‘ಗಾಳಿ’ಗೆ ತೆಲುಗಿನಲ್ಲಿ ‘ಗಾಲಿ’ ಎನ್ನುತ್ತಾರೆ. ಕನ್ನಡದಲ್ಲಿ ‘ಗಾಲಿ’ ಎಂದರೆ ಚಕ್ರ! ಅಂಗಡಿಯ ಹುಡುಗ ಒಮ್ಮೆ ನನಗೆ ಹೇಳಿದ್ದು ಹೀಗೆ: ‘ಹಿಂದಿನ ಗಾಲೀಲಿ ಗಾಲಿ ಕಮ್ಮಿ ಐತೆ ಸಾರ್.’ ಮೊದಲನೆಯದು ಕನ್ನಡದ ಗಾಲಿ, ಎರಡನೆಯದು ತೆಲುಗಿನ ಗಾಲಿ, ನನಗೆ ಒಂದಿಷ್ಟೂ ಗೊಂದಲವಾಗಲಿಲ್ಲ. ತಮಿಳಿನಲ್ಲಿ ‘ಕಾಲ್’ ಎಂಬ ಒಂದೇ ರೂಪಕ್ಕೆ ಗಾಳಿ ಎಂಬ ಅರ್ಥವೂ ಚಕ್ರ ಎಂಬ ಅರ್ಥವೂ ನಿಘಂಟಿನಲ್ಲಿವೆ. ಕೆಜಿಎಫ್ ಕಡೆಯ ತಮಿಳು ಮನೆಮಾತಿನವರು ಯಾರಾದರೂ ಬಳಗದಲ್ಲಿದ್ದರೆ, ಈ ಅರ್ಥಗಳು ಮಾತಿನಲ್ಲಿ ಉಳಿದಿವೆಯೇ ತಿಳಿಸಿ.

ಇನ್ನು ‘ಅಳೆಯಿರಿ’. ಇದನ್ನು ತೆಗೆದು ‘ನೋಡಿ’ ಎಂದು ಬರೆದಿದ್ದೇನೆ. ಬಟ್ಟೆ, ರಾಗಿ, ಜಮೀನು ಅಳೆಯುತ್ತೇವೆ. ನಾಡಿ ನೋಡುತ್ತೇವೆ, ಬಿಪಿ ನೋಡುತ್ತೇವೆ, ಸಾರಿಗೆ ಉಪ್ಪು ನೋಡುತ್ತೇವೆ. ಒಳಗಿದ್ದು ಕಣ್ಣಿಗೆ ಕಾಣದ್ದನ್ನು ತಿಳಿಯುವುದಕ್ಕೆ ಕನ್ನಡ ‘ನೋಡು’ ಎಂಬುದನ್ನೇ ಆರಿಸಿಕೊಂಡಿದೆ.

‘ನಿಖರ’ದ ಬಗ್ಗೆ ಚಿಕ್ಕ ಪ್ರಶ್ನೆ. ನಮ್ಮ ಗೇಜು ಒಂದೇ ಟೈರಿಗೆ ಮೂರು ಸಲವೂ 31 ಎನ್ನುತ್ತದೆ, ಅಂಗಡಿಯದು ಮೂರು ಸಲವೂ 33 ಎನ್ನುತ್ತದೆ. ಎರಡೂ ತಮ್ಮ ಮಾತಿಗೆ ನಿಂತಿವೆ, ಆದರೆ ಒಂದಾದರೂ ನಿಜದಿಂದ ದೂರವಿದೆ. ಮಾತು ಬದಲಿಸದಿರುವುದು ಒಂದು ಗುಣ, ನಿಜಕ್ಕೆ ಹತ್ತಿರವಿರುವುದು ಇನ್ನೊಂದು. ಎರಡಕ್ಕೂ ‘ನಿಖರ’ ಎಂದೇ ಬರೆಯುತ್ತಿದ್ದೇವೆ. ತರಗತಿಯಲ್ಲಿ ಮೊದಲನೆಯದಕ್ಕೆ ‘ಕರಾರುವಾಕ್ಕು’, ಎರಡನೆಯದಕ್ಕೆ ‘ನಿಖರ’ ಎಂದು ಹಂಚಿಕೊಟ್ಟಿದ್ದೇನೆ. ಒಪ್ಪುವಿರಾ?

ಈಗ ಗೋಡೆಯ ಮೇಲಿರುವ ಹೊಸ ಬರಹ ಇದು. ಹುಳುಕಿದ್ದರೆ ತೋರಿಸಿ:

‘ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ಬಿಸಿಲು ಬೀಳುವ ಮುಂಚೆ, ಬಿಸಿಯಾರಿದ ಟೈರಿನ ಗಾಳಿ ನೋಡಿ. ಓಡಿ ಬಂದ ಗಾಡಿಯಾದರೆ ಮೂರು ಗಂಟೆ ಬಿಡಿ, ನೀರು ಹುಯ್ಯಬೇಡಿ. ವಾಲ್ವಿನ ಕ್ಯಾಪು ತೆಗೆದು ಗೇಜನ್ನು ನೆಟ್ಟಗೆ ಒತ್ತಿ. ಸುಸ್ ಎಂದು ಶಬ್ದ ಬರುತ್ತಿದ್ದರೆ ಗೇಜು ಓರೆಯಾಗಿದೆ, ಆ ಅಂಕಿ ಲೆಕ್ಕಕ್ಕಿಲ್ಲ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಅಂಕಿಯೇ ನಮಗೆ ಬೇಕಾದ್ದು. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವುದು ಆ ಟೈರು ತಾಳುವ ಹೆಚ್ಚಿನ ಮಿತಿ, ಅಷ್ಟು ಹಾಕಬೇಡಿ. ಬಿಸಿ ಟೈರಿನಲ್ಲಿ ಒತ್ತಡ ಹೆಚ್ಚು ಕಂಡರೆ ಗಾಳಿ ಬಿಡಬೇಡಿ.’

ತುಮಕೂರು ಕಡೆಯವರಿಗೆ, ಅದರಲ್ಲೂ ಪಾವಗಡ, ಮಧುಗಿರಿಯವರಿಗೆ ಒಂದು ಕೋರಿಕೆ. ಓಡಿ ಬಂದು ಬಿಸಿಯಾರಿದ ಗಾಡಿಗೆ ನಿಮ್ಮೂರ ಟೈರ್ ಅಂಗಡಿಯಲ್ಲಿ ಏನನ್ನುತ್ತಾರೆ, ಆ ಮಾತನ್ನು ಕೇಳಿಬಂದ ಹಾಗೆಯೇ ಬರೆದು ಕಳಿಸಿ.