ಸಹಾಯ ಬೇಕು: ತಣ್ಣನೆಯ ಕಡೆಯಿಂದ ಬಿಸಿಯ ಕಡೆಗೆ ಶಾಖ ಹರಿಸುವ ಸಮೀಕರಣವನ್ನು ಸರಿಪಡಿಸುವುದು ಹೇಗೆ?

ಬಲ್ಲವರಲ್ಲಿ ಒಂದು ವಿನಂತಿ. ಒಂದೇ ಕ್ಯೂಬಿಟ್ (ಎರಡು ಶಕ್ತಿಮಟ್ಟಗಳ ಕ್ವಾಂಟಂ ವ್ಯವಸ್ಥೆ) ಹೀಟ್ ಬಾತ್‌ನೊಂದಿಗೆ (ನಿಗದಿತ ತಾಪದ ದೊಡ್ಡ ಪರಿಸರ) ದುರ್ಬಲವಾಗಿ ಜೋಡಿಕೊಂಡಿರುವಾಗ ನನಗೆ ತೊಡಕಿಲ್ಲ. ಪರಿಸರಕ್ಕೆ ತಗುಲಿದ ಕ್ವಾಂಟಂ ವ್ಯವಸ್ಥೆ ಕಾಲದೊಂದಿಗೆ ಬದಲಾಗುವ ಬಗೆಯನ್ನು ಹೇಳುವ ಲಿಂಡ್‌ಬ್ಲಾಡ್ ಸಮೀಕರಣ ಬರೆದರೆ, 1978ರಲ್ಲಿ ಭೌತವಿಜ್ಞಾನಿ ಸ್ಪೋನ್ ತೋರಿಸಿಕೊಟ್ಟಂತೆ, ಎಂಟ್ರೊಪಿ ಉತ್ಪಾದನೆಯ ದರ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ.

ಎರಡು ಕ್ಯೂಬಿಟ್‌ಗಳನ್ನು ಪರಸ್ಪರ ಜೋಡಿಸಿ, ಒಂದನ್ನು ಬಿಸಿ ಬಾತ್‌ಗೂ ಇನ್ನೊಂದನ್ನು ತಣ್ಣನೆಯದಕ್ಕೂ ತಗುಲಿಸಿದಾಗ ಲೆಕ್ಕ ಕೆಡುತ್ತದೆ. ಬಿಸಿ ಬಾತ್‌ನ ತಾಪ ತಣ್ಣನೆಯದರ ಎರಡರಷ್ಟಿದ್ದು, ಬಿಸಿಯ ಬದಿಯ ಕ್ಯೂಬಿಟ್‌ನ ಆವರ್ತಾಂಕ ಇನ್ನೊಂದರ ಮೂರರಷ್ಟಿದೆ ಎಂದುಕೊಳ್ಳಿ. ಪ್ರತಿ ಕ್ಯೂಬಿಟ್‌ಗೂ ಬಿಡಿಯಾಗಿ ಡಿಸಿಪೇಟರ್ (ಸಮೀಕರಣದಲ್ಲಿ ಬಾತ್‌ನ ಪ್ರಭಾವವನ್ನು ತರುವ ಪದ) ಬರೆದರೆ, ಸ್ಥಿರಸ್ಥಿತಿಯಲ್ಲಿ ಶಾಖವು ತಣ್ಣನೆಯ ಬಾತ್‌ನಿಂದ ಬಿಸಿಯದಕ್ಕೆ ಹರಿಯುತ್ತದೆ. ಭೌತವಿಜ್ಞಾನಿಗಳಾದ ಲೆವಿ ಮತ್ತು ಕೊಸ್ಲಾಫ್ 2014ರಲ್ಲಿ ಎಚ್ಚರಿಸಿದ್ದು ಇದನ್ನೇ.

ಡಿಸಿಪೇಟರ್‌ಗಳನ್ನು ಇಡೀ ಹ್ಯಾಮಿಲ್ಟೋನಿಯನ್‌ನ (ಜೋಡಣೆಯೂ ಸೇರಿದ ಒಟ್ಟು ಶಕ್ತಿಯ ಸೂತ್ರ) ಐಗನ್ ಸ್ಥಿತಿಗಳನ್ನು, ಅಂದರೆ ಖಚಿತ ಶಕ್ತಿಯ ಸ್ಥಿತಿಗಳನ್ನು, ಆಧರಿಸಿ ಬರೆದರೆ, ಶಾಖ ತಾನಾಗಿ ತಣ್ಣನೆಯದರಿಂದ ಬಿಸಿಯದಕ್ಕೆ ಹರಿಯದು ಎನ್ನುವ ಉಷ್ಣಗತಿಶಾಸ್ತ್ರದ ಎರಡನೇ ನಿಯಮ ಉಳಿಯುತ್ತದೆ, ನಿಜ. ಆದರೆ ಆವರ್ತಾಂಕಗಳನ್ನು ಸಮವಾಗಿಸಿ ಕ್ಯೂಬಿಟ್‌ಗಳ ನಡುವಿನ ಜೋಡಣೆಯನ್ನು ತಗ್ಗಿಸುತ್ತ ಹೋದಂತೆ, ಶಕ್ತಿಮಟ್ಟಗಳ ಅಂತರವು ಕ್ಷಯದರದಷ್ಟೇ ಕಿರಿದಾಗಿ ಸೆಕ್ಯುಲರ್ ಅಂದಾಜು (ಬೇಗ ಬೇಗ ಆಂದೋಲಿಸುವ ಪದಗಳನ್ನು ಕೈಬಿಡುವುದು) ನಿಲ್ಲುವುದಿಲ್ಲ.

ಬಾತ್‌ನ ಕಣಗಳು ಒಂದೊಂದಾಗಿ ಬಂದು ಕ್ಯೂಬಿಟ್‌ಗೆ ಡಿಕ್ಕಿ ಹೊಡೆಯುತ್ತವೆ ಎಂದುಕೊಳ್ಳುವ ಡಿಕ್ಕಿ (collision) ಮಾದರಿಯಲ್ಲಿ, ಆ ಕಣಗಳೊಂದಿಗಿನ ಜೋಡಣೆಯನ್ನು ಮತ್ತೆ ಮತ್ತೆ ಹಚ್ಚಿ ಕಳಚಲು ತಗಲುವ ಕೆಲಸವನ್ನೂ ಸೇರಿಸಿದರೆ ಬಿಡಿ ಡಿಸಿಪೇಟರ್‌ಗಳೂ ನಿಯಮಕ್ಕೆ ಬದ್ಧವಾಗುತ್ತವೆ. ನನ್ನ ಬಾತ್ ಸದಾ ತಗುಲಿಕೊಂಡೇ ಇರುವುದರಿಂದ (ಹಚ್ಚಿ ಕಳಚುವವರು ಯಾರೂ ಇಲ್ಲ!) ಆ ಕೆಲಸವನ್ನು ಯಾವ ಖಾತೆಗೆ ಬರೆಯಬೇಕು? ಎರಡೂ ವಿಧಾನಗಳ ನಡುವಿನ ವಲಯದಲ್ಲಿ ಎಂಟ್ರೊಪಿ ಉತ್ಪಾದನೆಯನ್ನು ಋಣವಾಗಲು ಬಿಡದ ಸಮೀಕರಣವನ್ನು ಬಳಸಿದವರಿದ್ದರೆ, ಶಾಖದ ಯಾವ ವ್ಯಾಖ್ಯೆಯನ್ನು ಆರಿಸಿಕೊಂಡಿರೆಂದು ದಯವಿಟ್ಟು ವಿವರಿಸಿ.