ಪದಚರ್ಚೆ: ‘ರಿಡಂಡೆಂಟ್ ಪಾತ್’ಗೆ ಕನ್ನಡದಲ್ಲಿ ಏನು? ಸೋಮವಾರದೊಳಗೆ ಬೇಕು

ಹುಬ್ಬಳ್ಳಿಯಿಂದ:

ನಮಸ್ಕಾರ. ಸರ್ವರ್ ರೂಮಿನ ವೈರುಗಳಿಗೆ ಅಂಟಿಸುವ ಪಟ್ಟಿಗೆ ಒಂದು ಪದ ಬೇಕಾಗಿದೆ. ‘ರಿಡಂಡೆಂಟ್ ಪಾತ್’ ಅಂದರೆ ಒಂದು ದಾರಿ ಕಡಿದರೂ ಕೆಲಸ ನಿಲ್ಲದಿರಲಿ ಅಂತ ಇಟ್ಟ ಇನ್ನೊಂದು ದಾರಿ. ಸರ್ವರಿನಿಂದ ಸ್ಟೋರೇಜಿಗೆ, ಅಂದರೆ ಡಿಸ್ಕುಗಳಿರುವ ಪೆಟ್ಟಿಗೆಗೆ, ಎರಡು ಫೈಬರ್ ವೈರು, ನಡುವೆ ಎರಡು ಸ್ವಿಚ್ಚು, ಆಚೆ ಎರಡು ಕಂಟ್ರೋಲರು; ಒಂದೊಂದು ವೈರಿನಿಂದಲೂ ಎರಡೂ ಕಂಟ್ರೋಲರು ಮುಟ್ಟಬಹುದು. ಹೀಗಾಗಿ ಒಂದೇ ಡಿಸ್ಕಿಗೆ ನಾಲ್ಕು ದಾರಿ. ರಾಜ್ಯೋತ್ಸವದ ಉಮೇದಿನಲ್ಲಿ ಎರಡನೆಯ ವೈರಿಗೆ ‘ಹೆಚ್ಚುವರಿ ದಾರಿ’ ಅಂತ ಬರೆಸಿದವನು ನಾನೇ.

ಹೋದ ಶನಿವಾರ ರಾತ್ರಿ ಲಿನಕ್ಸ್ ಅಪ್‌ಗ್ರೇಡ್ ಮಾಡಿ ರೀಬೂಟ್ ಕೊಟ್ಟರೆ ಮಲ್ಟಿಪಾತ್ (ಈ ದಾರಿಗಳನ್ನೆಲ್ಲ ಒಟ್ಟಿಗೆ ನೋಡಿಕೊಳ್ಳುವ ಲಿನಕ್ಸ್ ಸವಲತ್ತು) ಯಾದಿಯಲ್ಲಿ ಎರಡೇ ದಾರಿ. ಉಳಿದೆರಡು ಫೇಲ್ ಆಗಿವೆ ಅಂತಲೂ ತೋರಿಸಲಿಲ್ಲ, ಹುಟ್ಟೇ ಇಲ್ಲ ಅನ್ನುವ ಹಾಗೆ. ಹೊಸ ಕರ್ನಲ್ (ಲಿನಕ್ಸಿನ ತಿರುಳು) ಫೈಬರ್ ಕಾರ್ಡಿನ ಡ್ರೈವರ್ ಕೈಬಿಟ್ಟಿತೇ ಅಂದರೆ, ನಡೆದಿದ್ದ ಎರಡು ದಾರಿಯೂ ಅದೇ ಕಾರ್ಡಿನವು. ಕಾನ್ಫಿಗ್ ನೋಡಿದೆ, ಯಾವ ಡಿಸ್ಕು ನೋಡಬೇಕು ಅಂತ ಹೇಳುವ ಎಲ್‌ವಿಎಂ ಫಿಲ್ಟರ್ ನೋಡಿದೆ, ಬೂಟ್ ಆಗುವಾಗ ಮೊದಲು ಏರುವ ಇನಿಟ್‌ರಾಮ್‌ಎಫ್‌ಎಸ್ ಕಡತ ಮತ್ತೊಮ್ಮೆ ಕಟ್ಟಿದೆ. ರಾತ್ರಿ ಎರಡಕ್ಕೆ ಪೋರ್ಟಿನ ಸ್ಥಿತಿ ತೆಗೆದು ನೋಡಿದರೆ ‘ಲಿಂಕ್‌ಡೌನ್’. ರ‍್ಯಾಕಿನ ಹಿಂದೆ ಹೋದೆ. ಎರಡನೆಯ ತಿಳಿನೀಲಿ ವೈರು ಸಿಂಬಿ ಸುತ್ತಿಸಿಕೊಂಡು, ತುದಿಗೆ ಟೋಪಿ ಹಾಕಿಸಿಕೊಂಡು, ಗೋಡೆಯ ಮೊಳೆಗೆ ತೂಗುತ್ತಿತ್ತು. ವೈರಿಂಗ್ ಹುಡುಗನ ಉತ್ತರ: “ಹೆಚ್ಚುವರಿ ಅಂತ ಬರದಿತ್ತಲ್ರೀ ಸರ್. ಸರ್ವರ್ ಹೆಂಗೂ ಬಂದ್ ಇತ್ತು, ತಗದು ಇಟ್ಟೆ.”

ಬೈಯಲಿಕ್ಕೆ ಬಾಯಿ ಬರಲಿಲ್ಲ. ಪದ ಹೇಳಿ.

ಧಾರವಾಡದಿಂದ:

ಇಬ್ಬಟ್ಟೆ. ‘ಬಟ್ಟೆ’ ಎಂದರೆ ದಾರಿ ಎಂದು ಹಳಗನ್ನಡ ಓದಿದವರಿಗೆ ಹೇಳಬೇಕಿಲ್ಲ. ಕನ್ನಡದ ಬೇರು ಹುಡುಕಿದ ಸಂಶೋಧಕ ಶಂಬಾ ಜೋಶಿಯವರ ಊರಲ್ಲಿ ಕೂತು ‘ಬಹುಪಥ’ ಎನ್ನಲು ನನಗೆ ನಾಚಿಕೆ. ‘ಹೆಚ್ಚುವರಿ’ಯ ಮೇಲೂ ತಕರಾರಿಲ್ಲ, ತಪ್ಪು ಹುಡುಗನದು.

ಗದಗಿನಿಂದ:

ಇಬ್ಬಟ್ಟೆ ಅಂತ ಬರೆದರೆ ಆ ಹುಡುಗ ರ‍್ಯಾಕಿಗೆ ಎರಡು ಬಟ್ಟೆ ಹೊದಿಸಿ ಹೋಗ್ತಾನ. ಮತ್ತೆ ಈ ‘ಬಟ್ಟೆ’ ಸಂಸ್ಕೃತದ ‘ವರ್ತ್ಮ’ ಸವೆದು ಆದದ್ದು, ಅಚ್ಚಗನ್ನಡ ಅಂತ ಬೀಗಬೇಡಿ.

ಟ್ರ್ಯಾಕ್ಟರ್ ಇದ್ದವರಿಗೆಲ್ಲ ಗೊತ್ತಿರುವ ಪದ ‘ಸ್ಟೆಪ್ನಿ’. 1904ರ ಸುಮಾರಿಗೆ ವೇಲ್ಸ್‌ನ ಲಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಹುಟ್ಟಿದ ಬದಲಿ ಗಾಲಿಗೆ ಬೀದಿಯ ಹೆಸರೇ ಅಂಟಿತು. ಆ ಹೆಸರು ನಮ್ಮ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಇನ್ನೂ ಜೀವಂತ ಇದೆ. ‘ಸ್ಟೆಪ್ನಿ ದಾರಿ’ ಅನ್ನಿ. ಸ್ಟೆಪ್ನಿ ಹೆಚ್ಚಾಯ್ತು ಅಂತ ಯಾರೂ ಬಿಸಾಕುವುದಿಲ್ಲ.

ಹುಬ್ಬಳ್ಳಿಯಿಂದ:

ಸ್ಟೆಪ್ನಿ ಪಂಕ್ಚರ್ ಆಗೋತನಕ ಮಲಗಿರ್ತದ. ನಮ್ಮಲ್ಲಿ ನಾಲ್ಕೂ ದಾರಿಯಲ್ಲಿ ಸರದಿ ಪ್ರಕಾರ ಡೇಟಾ ಓಡುತ್ತಲೇ ಇರುತ್ತದೆ. ಧಾರವಾಡಕ್ಕೆ ನವನಗರದ ಮೇಲಿನ ರಸ್ತೆನೂ ಐತಿ, ಗಬ್ಬೂರಿನಿಂದ ನರೇಂದ್ರಕ್ಕೆ ಬೈಪಾಸೂ ಐತಿ, ಎರಡರಾಗೂ ಗಾಡಿ ಓಡ್ತಾವ. ಹೆಚ್ಚುವರಿ ಯಾವುದು ಹೇಳ್ರಿ?

ಹಾವೇರಿಯಿಂದ:

‘ಜೋಡು ಹಾದಿ’. ಜೋಡೆತ್ತಿನಾಗ ಹೆಚ್ಚುವರಿ ಎತ್ತು ಯಾವುದು ಅಂತ ಯಾರೂ ಕೇಳಂಗಿಲ್ಲ.

ಧಾರವಾಡದಿಂದ:

ಒಂಟಿ ಎತ್ತು ಗಳೆ ಹೊಡೆಯುವುದಿಲ್ಲ, ಉಪಮೆಯೇ ಕುಂಟು. ‘ಜೋಡು’ ಮರಾಠಿಯ ಸರಕು. ಮುಂಬೈ ಸರಕಾರದ ಆಳ್ವಿಕೆ 1956ಕ್ಕೇ ಮುಗಿಯಿತು, ಮರಾಠಿ ಮಾತ್ರ ನಮ್ಮ ನಾಲಿಗೆ ಬಿಟ್ಟಿಲ್ಲ. ಇನ್ನೊಂದು: ‘ರಿಡಂಡೆಂಟ್’ ಪದದ ಲ್ಯಾಟಿನ್ ಮೂಲಕ್ಕೆ ಉಕ್ಕಿ ಹರಿಯುವುದು ಎಂದೇ ಅರ್ಥ. ‘ಹೆಚ್ಚುವರಿ’ ಅದಕ್ಕೆ ಸರಿಸಾಟಿ. ಮುಗಿಯಿತು.

ಗದಗಿನಿಂದ:

ಹಂಗಾದ್ರ ಆ ಹುಡುಗ ಲ್ಯಾಟಿನ್ ಕಲಿತವನೇ ಇರಬೇಕು, ಉಕ್ಕಿದ್ದನ್ನ ಒರೆಸಿ ಹೋಗ್ಯಾನ!

ಮರಾಠಿ ಬೇಡ ಅಂದಿರಿ. ‘ಸರಕಾರ’ ಪಾರಸಿ, ‘ತಕರಾರು’ ಅರಬಿ. ಅರಬಿಯಲ್ಲಿ ಅದರ ಮೂಲ ಅರ್ಥ ಗೊತ್ತೇನ್ರೀ? ಒಮ್ಮೆ ಆದದ್ದನ್ನೇ ಮತ್ತೆ ಮತ್ತೆ ಮಾಡುವುದು, ಅಂದರೆ ನೀವು ಹುಡುಕುತ್ತಿರುವ ರಿಡಂಡನ್ಸಿಯೇ! ‘ತಕರಾರು ದಾರಿ’ ಅಂತ ಅಂಟಿಸೋಣ? ಅವಳಿನಗರದ ಹೊಸ ಬಸ್ಸಿಗೆ ‘ಚಿಗರಿ’ ಅಂತ ಹೆಸರಿಟ್ಟರು, ಜನ ಬಾಯಿತುಂಬ ಕರೀತಾರ. ಅದಕ್ಕಾಗಿ ‘ಬಸ್ಸು’ ಬಿಡಬೇಕಾಗಲಿಲ್ಲ.

ಧಾರವಾಡದಿಂದ:

ಹುರುಳಿಲ್ಲದ ಮಾತಿಗೆ ಉತ್ತರಿಸುವುದಿಲ್ಲ.

ಹುಬ್ಬಳ್ಳಿಯಿಂದ:

ಪ್ರಿಂಟಿಗೆ ಕೊಡುವ ಮುಂಚೆ ಆ ಹುಡುಗನನ್ನೇ ಕರೆದು, ಬಂದ ಪದಗಳನ್ನೆಲ್ಲ ಹಾಳೆಯ ಮೇಲೆ ಬರೆದು ತೋರಿಸಿದೆ. ‘ಇಬ್ಬಟ್ಟೆ’ಗೆ ತಲೆ ಕೆರೆದುಕೊಂಡ. ‘ಸ್ಟೆಪ್ನಿ’ ಇದ್ದರೆ “ತಗದು ಕಪಾಟಿನಾಗ ಇಡ್ತಿದ್ದೆ” ಅಂದ. ‘ಜೋಡು’ ನೋಡಿ, “ಒಂದು ತಗದ್ರ ಇನ್ನೊಂದು ಒಂಟಿ ಆಗ್ತದಲ್ರೀ, ಮುಟ್ಟತಿರ್ಲಿಲ್ಲ” ಅಂದ.

ಎತ್ತಿನ ಉಪಮೆ ಕುಂಟಿದರೂ ಸರಿ, ಪಟ್ಟಿ ಅಂಟಿಸಿಯಾಯಿತು: ‘ಜೋಡು ಹಾದಿ 1’, ‘ಜೋಡು ಹಾದಿ 2’. ನಾಲ್ಕೂ ದಾರಿ ಕಾಣುತ್ತಿವೆ. ಕೈಪಿಡಿಯಲ್ಲಿ ಮಲ್ಟಿಪಾತ್ ಅನ್ನು ಮಲ್ಟಿಪಾತ್ ಅಂತಲೇ ಬಿಟ್ಟಿದ್ದೇನೆ. ಪಟ್ಟಿಯ ಕೆಳಗೆ ಸಣ್ಣಕ್ಷರದಲ್ಲಿ ‘ಎರಡೂ ಚಾಲೂ ಇವೆ, ಬಿಚ್ಚಬೇಡಿ’ ಅಂತ ಹಾಕಿಸಿದೆ. ‘ಚಾಲೂ’ಗೆ ಪದ ಕೇಳುತ್ತಿಲ್ಲ.